ಕಮಿಟ್: ಕಟ್ಟಿಕೊಂಡದ್ದೋ, ಒಪ್ಪಿಸಿದ್ದೋ?

(ಉಡುಪಿಯ ಒಂದು ಓದುಗರ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಇಲ್ಲಿಗೆ ಹೇಗೆ ಬಂದೆ ಎಂದು ಮೊದಲು ಹೇಳಿಬಿಡುತ್ತೇನೆ. ಎರಡು ತಿಂಗಳ ಹಿಂದೆ ಈ ಕೂಟದ ಕಾರ್ಯದರ್ಶಿಗಳು ಫೋನ್ ಮಾಡಿದರು. ‘ಮೇಡಂ, ಒಂದು ಭಾನುವಾರ ನಮಗೆ ಕಮಿಟ್ ಆಗ್ತೀರಾ?’ ಎಂದು ಕೇಳಿದರು. ನಾನು ‘ನೋಡುವ’ ಎಂದೆ. ನಮ್ಮೂರಲ್ಲಿ ‘ನೋಡುವ’ ಎಂದರೆ ಎಂತ ಅಂತ ನಿಮಗೆಲ್ಲ ಗೊತ್ತು. ಘಟ್ಟದ ಮೇಲಿನವರಿಗೆ ಗೊತ್ತಿಲ್ಲ. ಇವರು ನಿಜವಾಗಿಯೂ ನೋಡುತ್ತಾರೆ ಎಂದು ಅವರು ತಿಳಿದುಕೊಳ್ಳುತ್ತಾರೆ. ನಮ್ಮ ಕಾರ್ಯದರ್ಶಿಗಳು ಘಟ್ಟದ ಮೇಲಿನವರು. ಮರುದಿನವೇ ಆಮಂತ್ರಣದಲ್ಲಿ ನನ್ನ ಹೆಸರು ಬಂತು. ವಿಷಯದ ಜಾಗ ಮಾತ್ರ ಖಾಲಿ ಇತ್ತು. ಸರಿ, ನನ್ನನ್ನು ಸಿಕ್ಕಿಸಿ ಹಾಕಿದ ಶಬ್ದದ ಬಗ್ಗೆಯೇ ಮಾತಾಡುತ್ತೇನೆ ಎಂದು ‘ಕಮಿಟ್’ ಅಂತ ಬರೆದು ಕಳಿಸಿದೆ.

ಇಂಗ್ಲಿಷಿನಲ್ಲಿ ‘ನಾನ್‌ಕಮಿಟಲ್’ ಎಂದೊಂದು ಶಬ್ದವಿದೆ. ಹೌದೂ ಎನ್ನದೆ, ಇಲ್ಲವೂ ಎನ್ನದೆ, ಎಲ್ಲಿಯೂ ಸಿಕ್ಕಿಬೀಳದ ಹಾಗೆ ಕೊಡುವ ಉತ್ತರಕ್ಕೆ ಹಾಗೆ ಹೇಳುತ್ತಾರೆ. ಕ್ಲಾಸಿನಲ್ಲಿ ಇದರ ಅರ್ಥ ಹೇಳುವುದಕ್ಕೆ ನನಗೆ ಅರ್ಧ ನಿಮಿಷವೂ ಬೇಕಾಗುತ್ತಿರಲಿಲ್ಲ. ನಮ್ಮ ಕನ್ನಡದಲ್ಲಿ ‘ನೋಡುವ’, ತುಳುವಿನಲ್ಲಿ ‘ತೂಕ’, ಕುಂದಾಪುರದ ಕಡೆ ‘ಕಾಂಬ’. ಮೂರೂ ಒಂದೇ. ತುಳುವಿನ ‘ತೂಕ’ಕ್ಕೆ ಕನ್ನಡದ ತೂಕ ಎಳ್ಳಷ್ಟೂ ಇಲ್ಲ ಎಂದರೆ ಮಕ್ಕಳು ನಗುತ್ತಿದ್ದರು. ಒಂದು ಶಬ್ದದ ಅರ್ಥ ಹೇಳುವುದಕ್ಕಿಂತ ಅದರ ಉಲ್ಟಾ ಅರ್ಥ ಹೇಳುವುದು ಎಷ್ಟೋ ಸಲ ಸುಲಭ.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವಳು. ಆದರೆ ಈ ಶಬ್ದವನ್ನು ನನಗೆ ಸರಿಯಾಗಿ ಕಲಿಸಿದವರು ಬೇರೆಯವರು. ಒಬ್ಬರು ದೋಣಿಯವರು, ಒಬ್ಬರು ಬ್ಯಾಂಕಿನವರು, ಇನ್ನೊಬ್ಬ ನನ್ನ ಅಣ್ಣನ ಮಗ. ಅವನಿಂದ ಶುರು ಮಾಡುವ.

ಒಂದು ಮದುವೆಯ ಊಟದ ಪಂಕ್ತಿ. ಪಕ್ಕದಲ್ಲಿ ಕೂತಿದ್ದ ಸಂಬಂಧಿಕರು ಅವನಿಗೆ ಒಂದು ಹುಡುಗಿಯ ವಿಚಾರ ತೆಗೆದರು. ಅವನು ನನ್ನ ಕಿವಿಯ ಹತ್ತಿರ ಬಗ್ಗಿ, ‘ಅತ್ತೆ, ನಾನು ಕಮಿಟೆಡ್’ ಎಂದ. ನಾನು ಅವನ ಬೆನ್ನು ತಟ್ಟಿ, ‘ಆಗಬೇಕು ಮಗಾ, ಪ್ರಾಯದಲ್ಲಿ ಕೆಲಸದ ಮೇಲೆ ಅಷ್ಟು ಶ್ರದ್ಧೆ ಇರಬೇಕು’ ಎಂದು ಜೋರಾಗಿಯೇ ಹೇಳಿದೆ. ಎದುರು ಪಂಕ್ತಿಯಲ್ಲಿದ್ದ ಹುಡುಗ ಹುಡುಗಿಯರು ಪಾಯಸ ನೆತ್ತಿಗೇರುವಷ್ಟು ನಕ್ಕರು. ಅವನಿಗೊಬ್ಬಳು ಹುಡುಗಿ ಇದ್ದಾಳೆ, ಮನೆಯಲ್ಲಿ ಇನ್ನೂ ಹೇಳಿಲ್ಲ ಎಂಬುದು ನನಗೆ ಕೈ ತೊಳೆಯುವಾಗ ಗೊತ್ತಾಯಿತು. ಇಂಗ್ಲಿಷ್ ಮೇಡಂಗೆ ಇಂಗ್ಲಿಷ್ ಗೊತ್ತಿಲ್ಲ ಎಂಬುದು ಇಡೀ ಹಾಲಿಗೆ ಗೊತ್ತಾಯಿತು.

ಈಗ ನಮ್ಮ ಬಾಯಲ್ಲಿ ಈ ಶಬ್ದ ಹೇಗೆಲ್ಲ ಓಡಾಡುತ್ತದೆ ನೋಡಿ. ‘ಆವತ್ತು ಬೇರೆ ಕಡೆ ಕಮಿಟ್ ಆಗಿದ್ದೇನೆ’ ಎಂದರೆ ದಿನ ಕೊಟ್ಟಾಗಿದೆ ಎಂದು. ‘ಅವರದ್ದು ಭಾರೀ ಕಮಿಟ್‌ಮೆಂಟ್’ ಎಂದರೆ ಹೊಗಳಿಕೆ. ‘ನಂಗೆ ಈಗ ಕಮಿಟ್‌ಮೆಂಟ್ ಜಾಸ್ತಿ’ ಎಂದರೆ ಹೊಗಳಿಕೆ ಅಲ್ಲ, ಮನೆ ಸಾಲ, ಕಾರಿನ ಕಂತು, ಮಗಳ ಫೀಸು. ಇಂಗ್ಲಿಷ್ ಕ್ರಿಯಾಪದಕ್ಕೆ ನಾವು ಸೇರಿಸುವ ಬಾಲವನ್ನೂ ಗಮನಿಸಿ. ‘ಕಮಿಟ್ ಮಾಡಿದೆ’ ಎಂದು ನಾವು ಹೇಳುವುದು ಕಡಿಮೆ, ‘ಕಮಿಟ್ ಆದೆ’ ಎನ್ನುವುದೇ ಹೆಚ್ಚು. ‘ಕಮಿಟ್ ಆಗಿಬಿಟ್ಟೆ ಮಾರಾಯ್ರೆ’ ಎನ್ನುವಾಗಂತೂ ಬಾವಿಗೆ ಬಿದ್ದುಬಿಟ್ಟೆ ಎನ್ನುವ ಧಾಟಿಯೇ ಇರುತ್ತದೆ. ನಾವಾಗಿ ಮಾಡಿದ್ದಲ್ಲ, ನಮಗೆ ಆದದ್ದು!

ಇನ್ನೊಂದು ಗೋಡೆಯ ಮೇಲಿನ ಕಮಿಟ್ ಇದೆ. ನಾನು ಮಂಗಳೂರಿನಲ್ಲಿ ಓದುತ್ತಿದ್ದಾಗ ಹಾಸ್ಟೆಲಿನಿಂದ ಕಾಲೇಜಿಗೆ ಹೋಗುವ ದಾರಿಯಲ್ಲಿ ಒಂದು ಕಂಪೌಂಡ್ ಗೋಡೆ ಇತ್ತು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ‘ಕಮಿಟ್ ನೋ ನ್ಯೂಸೆನ್ಸ್’ ಎಂದು ಬರೆದಿತ್ತು. ಇಲ್ಲಿ ಮೂತ್ರ ಮಾಡಬೇಡಿ ಎಂದು ಹೇಳಲು ಅಷ್ಟು ಗಂಭೀರವಾದ ಇಂಗ್ಲಿಷ್. ಯಾರಿಗೆ ಹೇಳಬೇಕೋ ಅವರಿಗೆ ಅದು ಓದಲು ಬರುತ್ತಿರಲಿಲ್ಲ ಎಂಬುದಕ್ಕೆ ಗೋಡೆಯ ಬುಡವೇ ಸಾಕ್ಷಿ. ಓದಲು ಬರುವವರಿಗೂ ಅರ್ಥ ಆಗುತ್ತಿತ್ತೋ ಇಲ್ಲವೋ. ಕೊಲೆ ಕಮಿಟ್ ಮಾಡುತ್ತಾರೆ, ದರೋಡೆ ಕಮಿಟ್ ಮಾಡುತ್ತಾರೆ, ತಪ್ಪು ಕಮಿಟ್ ಮಾಡುತ್ತಾರೆ. ಆ ಸಾಲಿನಲ್ಲಿ ಪಾಪ ಇದೂ ಒಂದು.

ಒಮ್ಮೆ ಒಬ್ಬ ಹುಡುಗ ಕ್ಲಾಸಿನಲ್ಲಿ ಎದ್ದು ನಿಂತು ಕೇಳಿದ. ‘ಮೇಡಂ, ಕೊಲೆ ಮಾಡುವವನೂ ಕಮಿಟ್, ಸಮಾಜಸೇವೆ ಮಾಡುವವನೂ ಕಮಿಟ್. ಇದೆಂತ ಭಾಷೆ?’ ನಾನು ‘ಅದು ಹಾಗೇ, ಬಾಯಿಪಾಠ ಮಾಡು’ ಎಂದೆ. ಸೋಮಾರಿ ಟೀಚರಿನ ಉತ್ತರ. ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಇವತ್ತಿನ ಮಾತು ಅವನಿಗೆ ಕೊಡಬೇಕಾದ ಉತ್ತರದ ಬಾಕಿ ಅಂತ ಇಟ್ಟುಕೊಳ್ಳಿ.

ಶಬ್ದದ ಬೇರು ಲ್ಯಾಟಿನಿನಲ್ಲಿದೆ. ‘ಮಿಟ್ಟೆರೆ’ ಎಂದರೆ ಕಳಿಸು, ಕೈಬಿಡು, ಹೋಗಗೊಡು. ಈ ಬೇರಿನ ಸಂತಾನ ನಮ್ಮ ಊರಿನ ತುಂಬ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನ ‘ಮಿಶನ್’ ಅದೇ, ಕಳಿಸಲ್ಪಟ್ಟವರ ಕೆಲಸ. ಬಸ್ಸಿನ ‘ಪರ್ಮಿಟ್’ ಅದೇ. ಮಣಿಪಾಲದಲ್ಲಿ ‘ಅಡ್ಮಿಟ್’ ಆಗುವುದು ಅದೇ, ಒಳಗೆ ಕಳಿಸುವುದು. ಅರ್ಜಿ ‘ಸಬ್ಮಿಟ್’ ಮಾಡುವುದು, ಕೆಲಸದಿಂದ ‘ಡಿಸ್ಮಿಸ್’ ಆಗುವುದು, ರಾಕೆಟ್ಟಿನ ತಮ್ಮ ‘ಮಿಸೈಲ್’, ಎಲ್ಲ ಒಂದೇ ಮನೆಯವರು. ‘ಪ್ರಾಮಿಸ್’ ಕೂಡ. ಅದು ಮಾತನ್ನು ಮುಂದಕ್ಕೆ ಕಳಿಸುವುದು. ಮಾತು ಮೊದಲು ಹೋಗುತ್ತದೆ, ನಾವು ಅದರ ಹಿಂದಿನಿಂದ ಓಡಬೇಕು.

‘ಮಿಟ್ಟೆರೆ’ಗೆ ‘ಕಮ್’ ಸೇರಿದರೆ ‘ಕಮ್ಮಿಟ್ಟೆರೆ’. ಒಟ್ಟುಗೂಡಿಸು ಎಂಬುದು ಅದರ ಒಂದು ಅರ್ಥ. ರೋಮನ್ನರು ಯುದ್ಧಕ್ಕೆ ಇಳಿಯುವುದಕ್ಕೂ ಈ ಕ್ರಿಯಾಪದವನ್ನೇ ಬಳಸುತ್ತಿದ್ದರು. ಎರಡು ಸೈನ್ಯ ಒಟ್ಟಿಗೆ ಬಂತು, ಇನ್ನು ವಾಪಸ್ ಇಲ್ಲ. ನಮ್ಮಲ್ಲಿ ರಣವೀಳ್ಯ ತೆಗೆದುಕೊಂಡ ವೀರನ ಹಾಗೆ. ಎರಡನೆಯ ಅರ್ಥ, ನನಗೆ ಜಾಸ್ತಿ ಬೇಕಾದ ಅರ್ಥ, ನಂಬಿ ಇನ್ನೊಬ್ಬರ ಕೈಗೆ ಕೊಡುವುದು. ಇದಕ್ಕೆ ಕನ್ನಡದಲ್ಲಿ ಯಾವ ಶಬ್ದ? ‘ಒಪ್ಪಿಸು.’

‘ಒಪ್ಪಿಸು’ ಎಂಬ ನಮ್ಮ ಮನೆಯ ಶಬ್ದವನ್ನು ಸ್ವಲ್ಪ ಹೊತ್ತು ನೋಡಿ. ಕಳ್ಳನನ್ನು ಪೊಲೀಸರಿಗೆ ಒಪ್ಪಿಸುತ್ತೇವೆ. ಇಂಗ್ಲಿಷಿನಲ್ಲೂ ಜೈಲಿಗೆ ಕಮಿಟ್ ಮಾಡುತ್ತಾರೆ. ‘ಕಮಿಟ್‌ಮೆಂಟ್’ ಎಂದರೆ 17ನೇ ಶತಮಾನದ ಇಂಗ್ಲಿಷಿನಲ್ಲಿ ಜೈಲಿಗೆ ಕಳಿಸುವುದು! ನಮ್ಮ ಕೋರ್ಟುಗಳಲ್ಲಿ ಇವತ್ತಿಗೂ ಕೊಲೆಯಂಥ ದೊಡ್ಡ ಕೇಸನ್ನು ಮ್ಯಾಜಿಸ್ಟ್ರೇಟರು ತಾವು ವಿಚಾರಣೆ ಮಾಡುವುದಿಲ್ಲ. ಸೆಷನ್ಸ್ ಕೋರ್ಟಿಗೆ ‘ಕಮಿಟ್’ ಮಾಡುತ್ತಾರೆ. ಅಂದರೆ ಒಪ್ಪಿಸುತ್ತಾರೆ. ವಕೀಲರ ಬಾಯಲ್ಲಿ ‘ಕೇಸ್ ಕಮಿಟ್ ಆಯ್ತು’ ಎಂಬ ಮಾತು ಕೇಳಿ, ಕೇಸಿಗೂ ನಿಶ್ಚಿತಾರ್ಥ ಆಗುತ್ತದಾ ಎಂದು ಒಂದು ಕಾಲದಲ್ಲಿ ನಾನು ಆಶ್ಚರ್ಯಪಟ್ಟದ್ದುಂಟು.

ಮದುವೆಯಲ್ಲಿ ಹೆಣ್ಣು ಒಪ್ಪಿಸುತ್ತಾರೆ. ದೇವರಿಗೆ ಹರಕೆ ಒಪ್ಪಿಸುತ್ತಾರೆ. ಸತ್ತವರನ್ನು ಮಣ್ಣಿಗೆ ಒಪ್ಪಿಸುತ್ತಾರೆ. ಇಂಗ್ಲಿಷ್ ಚರ್ಚುಗಳ ಅಂತ್ಯಸಂಸ್ಕಾರದ ಪ್ರಾರ್ಥನೆಯಲ್ಲೂ ದೇಹವನ್ನು ಮಣ್ಣಿಗೆ ‘ಕಮಿಟ್’ ಮಾಡುತ್ತಾರೆ. ಇನ್ನು ಮಗ್ಗಿ. ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅಜ್ಜನ ಎದುರು ನಿಂತು ಹದಿನಾರರ ಮಗ್ಗಿಯವರೆಗೆ ಒಪ್ಪಿಸಬೇಕಿತ್ತು. ಇಂಗ್ಲಿಷಿನವರು ಪಾಠವನ್ನು ನೆನಪಿಗೆ ಕಮಿಟ್ ಮಾಡುತ್ತಾರೆ. ನಾವು ನೆನಪಿನಿಂದ ತೆಗೆದು ಮೇಷ್ಟ್ರಿಗೆ ಒಪ್ಪಿಸುತ್ತೇವೆ. ಅವರದ್ದು ಒಳಗೆ ಹಾಕುವ ಕಡೆ, ನಮ್ಮದು ಹೊರಗೆ ತೆಗೆಯುವ ಕಡೆ. ಶಬ್ದದ ಒಳಗಿನ ಯೋಚನೆ ಮಾತ್ರ ಒಂದೇ.

ಉಡುಪಿಯವರಾಗಿ ನಾವು ಈ ಅರ್ಥವನ್ನು ಕಣ್ಣಾರೆ ನೋಡುತ್ತೇವೆ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಬೆಳಗಿನ ಜಾವ ಕೃಷ್ಣಮಠದಲ್ಲಿ ಪರ್ಯಾಯ. ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಪೂಜೆಯ ಸರದಿಯನ್ನು ಎರಡು ವರ್ಷಕ್ಕೆ ಮಾಡಿದವರು ವಾದಿರಾಜರು. ಇಳಿಯುವ ಸ್ವಾಮಿಗಳು ಏರುವ ಸ್ವಾಮಿಗಳ ಕೈಗೆ ಏನು ಕೊಡುತ್ತಾರೆ? ಅಕ್ಷಯಪಾತ್ರೆ, ಸಟ್ಟುಗ, ಗರ್ಭಗುಡಿಯ ಕೀಲಿಕೈ. ಭಾಷಣ ಆಮೇಲೆ. ಮೊದಲು ಸಟ್ಟುಗ. ನಾಳೆ ಬರುವ ಇಷ್ಟು ಜನಕ್ಕೆ ಬಡಿಸುವ ಕೆಲಸ ಇನ್ನು ನಿಮ್ಮದು ಎಂದು ಕೈಗೆ ಕೊಟ್ಟಾಯಿತು. ಅದಕ್ಕೂ ಎಷ್ಟೋ ಮೊದಲೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಲ್ಲ ಆಗಿರುತ್ತದೆ. ಬಾಳೆಗಿಡ ನೆಟ್ಟರೆ ತಾನೆ ಪರ್ಯಾಯದ ಹೊತ್ತಿಗೆ ಎಲೆ! ‘ಕಮಿಟ್’ ಶಬ್ದಕ್ಕೆ ಚಿತ್ರ ಬರೆಯಿರಿ ಎಂದರೆ ನಾನು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಿರುವ ಸಟ್ಟುಗದ ಚಿತ್ರ ಬರೆಯುತ್ತೇನೆ.

‘ಕಮಿಟಿ’ಯೂ ಇದೇ ಶಬ್ದದ ಮಗು. ಕೊನೆಯ ‘ಈ’ ಇದೆಯಲ್ಲ, ಅದು ಬ್ಯಾಂಕ್ ಫಾರ್ಮಿನ ‘ನಾಮಿನಿ’ಯಲ್ಲಿ ಇರುವಂಥದ್ದು. ಯಾರ ಹೆಸರು ಹೇಳಲಾಗಿದೆಯೋ ಅವರು ನಾಮಿನಿ. ಯಾರಿಗೆ ಕೆಲಸ ಒಪ್ಪಿಸಲಾಗಿದೆಯೋ ಅವರು ಕಮಿಟಿ. ಹಳೆಯ ಇಂಗ್ಲಿಷಿನಲ್ಲಿ ಕಮಿಟಿ ಎಂದರೆ ಒಬ್ಬನೇ ಮನುಷ್ಯ. ಹತ್ತು ಜನ ಸೇರಿದ್ದು ಆಮೇಲೆ. ಗಣೇಶೋತ್ಸವದ ಕಮಿಟಿಯಲ್ಲಿ ದುಡಿದವರಿಗೆ ಇದರಲ್ಲಿ ಹೊಸತೇನೂ ಕಾಣುವುದಿಲ್ಲ. ಆಮಂತ್ರಣದಲ್ಲಿ ಐವತ್ತು ಹೆಸರು, ಚಪ್ಪರದ ಹಗ್ಗ ಕಟ್ಟಲು ಒಬ್ಬ. ಅವನೇ ನಿಜವಾದ ಕಮಿಟಿ.

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಕೊಲೆಗೆ ಈ ಶಬ್ದ ಯಾಕೆ? ಲ್ಯಾಟಿನಿನಲ್ಲೇ ಅಪರಾಧ ಎಸಗುವುದಕ್ಕೆ ಈ ಕ್ರಿಯಾಪದ ಬಳಕೆಯಲ್ಲಿತ್ತು. ಇಂಗ್ಲಿಷಿನವರು ಅದನ್ನು ಹಾಗೇ ತೆಗೆದುಕೊಂಡರು. ಆದರೆ ಆ ಭಾಷೆಯವರಿಗೆ ಎರಡೂ ಒಂದೇ ಎಂದು ಯಾಕೆ ಕಂಡಿರಬಹುದು? ನನಗೆ ತೋಚುವುದು ಇಷ್ಟು. ಮನಸ್ಸಿನಲ್ಲಿ ಇರುವಷ್ಟು ಹೊತ್ತು ಅದು ಯೋಚನೆ. ಕೈಯಿಂದ ಹೊರಟಿತೋ, ಅದು ಲೋಕಕ್ಕೆ ಒಪ್ಪಿಸಿದ ಹಾಗೆ. ಇನ್ನು ಅದು ನಮ್ಮದಲ್ಲ. ಹಿಂದಕ್ಕೆ ಕರೆಯಲು ಆಗುವುದಿಲ್ಲ. ಕೊಟ್ಟ ಮಾತೂ ಹಾಗೇ, ಎತ್ತಿದ ಕತ್ತಿಯೂ ಹಾಗೇ. ಒಳ್ಳೆಯದೋ ಕೆಟ್ಟದ್ದೋ ಎಂಬುದು ಶಬ್ದದ ಚಿಂತೆ ಅಲ್ಲ. ಕೈಬಿಟ್ಟು ಹೋಯಿತು ಎಂಬುದಷ್ಟೇ ಅದರ ಚಿಂತೆ.

ಇಲ್ಲೇ ಒಂದು ಮಾತು ಹೇಳಬೇಕು. ಆತ್ಮಹತ್ಯೆಗೂ ಇಂಗ್ಲಿಷಿನಲ್ಲಿ ‘ಕಮಿಟ್’ ಎನ್ನುವ ರೂಢಿ ಇತ್ತು. ಅದು ಅಪರಾಧಗಳ ಸಾಲಿನಿಂದ ಬಂದದ್ದು. ಇಂಗ್ಲೆಂಡಿನಲ್ಲಿ 1961ರವರೆಗೆ ಅದು ಕಾನೂನಿನ ಲೆಕ್ಕದಲ್ಲಿ ಅಪರಾಧವೇ. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ, ಅಂಥ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು ಎನ್ನುತ್ತದೆ. 2024ರ ಜುಲೈಯಿಂದ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಅಂಥ ಪ್ರಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ 309ನೇ ಸೆಕ್ಷನ್ ಹಾಗೇ ಉಳಿದಿಲ್ಲ. ಹಾಗಾಗಿ ಈಗ ಎಚ್ಚರದಿಂದ ಬರೆಯುವವರು ಅಲ್ಲಿ ಈ ಕ್ರಿಯಾಪದ ಹಾಕುವುದಿಲ್ಲ. ‘ಡೈಡ್ ಬೈ ಸೂಯಿಸೈಡ್’ ಎನ್ನುತ್ತಾರೆ. ಮನೆಯವರ ಕಿವಿಗೆ ಬೀಳುವ ಶಬ್ದ ಅದು. ನಾನೂ ಹಳೆಯ ಅಭ್ಯಾಸ ಬಿಟ್ಟಿದ್ದೇನೆ.

ಇನ್ನು ಕನ್ನಡದ ‘ಬದ್ಧತೆ’. ‘ಕಮಿಟ್‌ಮೆಂಟ್’ಗೆ ಪತ್ರಿಕೆಗಳಲ್ಲಿ, ವಿಮರ್ಶೆಗಳಲ್ಲಿ ನಾವು ಬಳಸುವ ಶಬ್ದ ಅದೇ. ಬಂಡಾಯದ ಕಾಲದಲ್ಲಿ, ಅಂದರೆ 1979ರ ಆಚೀಚೆ, ಲೇಖಕರ ಬದ್ಧತೆ ಎಂಬ ಮಾತು ಇಲ್ಲದ ವಿಚಾರ ಸಂಕಿರಣವೇ ಇರಲಿಲ್ಲ. ಈಗ ಅದು ರಾಜಕಾರಣಿಗಳ ಕೈಗೆ ಸಿಕ್ಕಿದೆ. ‘ಸರಕಾರ ಬದ್ಧವಾಗಿದೆ’ ಎಂದು ಓದಿದ ಕೂಡಲೇ ಆ ಕೆಲಸ ಆಗುವುದಿಲ್ಲ ಎಂದು ಓದುಗರಿಗೆ ಖಾತ್ರಿಯಾಗುತ್ತದೆ.

ಬದ್ಧ ಎಂದರೆ ಕಟ್ಟಲ್ಪಟ್ಟದ್ದು. ‘ಬಂಧನ’ದ ಬೇರೇ ಇದರ ಬೇರು. ಕೆಟ್ಟ ಶಬ್ದ ಎಂದು ನಾನು ಹೇಳುವುದಿಲ್ಲ. ನಮ್ಮಲ್ಲಿ ಕಟ್ಟುವುದಕ್ಕೆ ದೊಡ್ಡ ಗೌರವ ಇದೆ. ಟೊಂಕ ಕಟ್ಟುತ್ತೇವೆ, ತಾಳಿ ಕಟ್ಟುತ್ತೇವೆ. ಯಕ್ಷಗಾನದವರು ಗೆಜ್ಜೆ ಕಟ್ಟುತ್ತಾರೆ. ಒಮ್ಮೆ ಗೆಜ್ಜೆ ಕಟ್ಟಿದ ಮೇಲೆ ಜ್ವರವಿರಲಿ, ಮನೆಯಲ್ಲಿ ಏನೇ ಇರಲಿ, ರಂಗಸ್ಥಳಕ್ಕೆ ಹೋಗುತ್ತಾರೆ. ನಾನು ನೋಡಿದ್ದೇನೆ. ಆದರೆ ಕಟ್ಟಿದ್ದನ್ನು ಬಿಚ್ಚಬಹುದು. ತುಳುವಿನ ಬೇಶ ತಿಂಗಳ ಹತ್ತನೇ ದಿನ, ಪತ್ತನಾಜೆಗೆ, ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಇನ್ನು ದೀಪಾವಳಿ ಕಳೆಯುವವರೆಗೆ ಬಿಡುವು.

ಒಪ್ಪಿಸಿದ್ದಕ್ಕೆ ಪತ್ತನಾಜೆ ಇಲ್ಲ. ನನ್ನ ತಕರಾರು ಇರುವುದು ಇಲ್ಲಿ. ‘ಬದ್ಧತೆ’ ಎನ್ನುವಾಗ ನಾವು ಹಗ್ಗವನ್ನು ನೋಡುತ್ತೇವೆ. ‘ಕಮಿಟ್’ ಶಬ್ದದಲ್ಲಿ ಹಗ್ಗವೇ ಇಲ್ಲ, ಬರೀ ಖಾಲಿ ಕೈ ಇದೆ.

ಇದನ್ನು ನನಗೆ ಮನಸ್ಸಿಗೆ ತಾಗುವ ಹಾಗೆ ಹೇಳಿದವರು ಮಲ್ಪೆಯ ದೋಣಿಯವರೊಬ್ಬರು. ಅವರ ಮಗಳು ನನ್ನ ವಿದ್ಯಾರ್ಥಿನಿ. ಜೂನ್, ಜುಲೈ ಎರಡು ತಿಂಗಳು, ಒಟ್ಟು 61 ದಿನ, ದೊಡ್ಡ ಯಾಂತ್ರಿಕ ದೋಣಿಗಳಿಗೆ ನಿಷೇಧ. ನಾಡದೋಣಿಯವರು ಕಡಲು ನೋಡಿಕೊಂಡು ಹೊರಡುತ್ತಾರೆ. ಹೊಳೆ ಕಡಲಿಗೆ ಸೇರುವ ಅಳಿವೆಯನ್ನು ದಾಟುವುದೇ ಮಳೆಗಾಲದ ದೊಡ್ಡ ಕೆಲಸ. ಅಲೆ ಅಲ್ಲೇ ಒಡೆಯುತ್ತದೆ. ಅವರು ಹೇಳಿದ್ದು: ‘ಅಳಿವೆಯ ಒಳಬದಿಯಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು ಟೀಚರೇ. ಅಲೆ ಲೆಕ್ಕ ಮಾಡಬಹುದು. ಮನಸ್ಸಾಗದಿದ್ದರೆ ಮನೆಗೆ ಬಂದು ಗಂಜಿ ಉಣ್ಣಬಹುದು. ಒಮ್ಮೆ ಅಳಿವೆಗೆ ಮೂತಿ ಕೊಟ್ಟ ಮೇಲೆ ತಿರುಗಿಸಬಾರದು. ತಿರುಗಿಸಿದರೆ ದೋಣಿಯ ಮಗ್ಗುಲಿಗೆ ಅಲೆ ಬೀಳುತ್ತದೆ, ಮಗುಚುತ್ತದೆ. ಹೆದರಿಕೆ ಆದರೂ ಮುಂದೆಯೇ ಹೋಗಬೇಕು.’ ಅವರು ‘ಕಮಿಟ್’ ಎಂಬ ಶಬ್ದ ಹೇಳಲಿಲ್ಲ. ಹೇಳಬೇಕಾದದ್ದೂ ಇರಲಿಲ್ಲ.

ವಿಮಾನದವರಿಗೆ ಈ ಶಬ್ದವೇ ಇದೆ, ‘ಕಮಿಟೆಡ್ ಟು ಲ್ಯಾಂಡ್’. ಇಳಿಯುವಾಗ ಒಂದು ಹಂತದವರೆಗೆ ಮನಸ್ಸು ಬದಲಾಯಿಸಿ ಮತ್ತೆ ಮೇಲೇರಬಹುದು. ನೆಲ ಮುಟ್ಟಿ, ವೇಗ ತಗ್ಗಿಸಲು ಇಂಜಿನ್ನಿನ ಗಾಳಿಯನ್ನು ಎದುರುಮುಖ ಮಾಡಿದ ಮೇಲೆ ನಿಲ್ಲಿಸಲೇಬೇಕು. ಮತ್ತೆ ಏರಲು ಹೋಗಬಾರದು. ಮಂಗಳೂರಿನವರಿಗೆ ಇದು ಬರೀ ಶಬ್ದಾರ್ಥವಲ್ಲ. 2010ರ ಮೇ 22ರ ಬೆಳಿಗ್ಗೆ ಗುಡ್ಡದ ಮೇಲಿನ ಆ ರನ್‌ವೇಯಲ್ಲಿ 158 ಜನ ಹೋದರು, ಎಂಟು ಮಂದಿ ಉಳಿದರು. ಮೊದಲೇ ಇಳಿಯುವುದನ್ನು ಕೈಬಿಟ್ಟು ಮೇಲೇರಬೇಕಿತ್ತು, ಏರಲಿಲ್ಲ. ಮುಂದೆ ಹೋಗಿ ನೆಲ ಮುಟ್ಟಿ, ಬ್ರೇಕಿನ ಕೆಲಸ ಶುರುವಾದ ಮೇಲೆ ಏರುವ ಪ್ರಯತ್ನ ಆಯಿತು. ತನಿಖೆಯ ವರದಿ ಹೇಳಿದ್ದು ಅದನ್ನೇ. ಇದರ ಬಗ್ಗೆ ಇನ್ನು ಹೆಚ್ಚು ಹೇಳುವುದಿಲ್ಲ.

ದುಡ್ಡಿನ ವಿಚಾರಕ್ಕೆ ಬರುವ. ಈ ಊರಿನಲ್ಲಿ ನಿಂತು ಬ್ಯಾಂಕಿನ ಮಾತು ಬಿಟ್ಟರೆ ಕೆಲವರಿಗೆ ಬೇಸರ ಆದೀತು. ಎದುರು ಸಾಲಿನಲ್ಲೇ ನಾಲ್ಕು ಜನ ನಿವೃತ್ತ ಮ್ಯಾನೇಜರುಗಳು ಕಾಣುತ್ತಿದ್ದಾರೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕು. 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕು. ಅವರು 1928ರಲ್ಲಿ ಪಿಗ್ಮಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಅಂಗಡಿ ಬಾಗಿಲಿಗೆ, ಮನೆ ಬಾಗಿಲಿಗೆ ಬರುತ್ತಾನೆ. ನಮ್ಮ ಕೇರಿಯ ಹೂವಿನವಳು ಪಿಗ್ಮಿಯ ಪಾಸ್‌ಬುಕ್ಕನ್ನು ಹೂವಿನ ಬುಟ್ಟಿಯಲ್ಲೇ ಇಡುತ್ತಿದ್ದಳು. ಒದ್ದೆಯಾಗಿ ಒದ್ದೆಯಾಗಿ ಅದಕ್ಕೆ ಮಲ್ಲಿಗೆಯ ವಾಸನೆ. ಮಳೆ ಬಂದು ವ್ಯಾಪಾರ ಆಗದ ದಿನವೂ ಎರಡು ರೂಪಾಯಿ ತೆಗೆದು ಕೊಡುತ್ತಿದ್ದಳು. ‘ಇವತ್ತು ಬೇಡ ಮಾರಾಯ್ತಿ’ ಎಂದು ಏಜೆಂಟೇ ಹೇಳಿದರೂ ಬಿಡುತ್ತಿರಲಿಲ್ಲ. ಅವಳಿಗೆ ಕಮಿಟ್‌ಮೆಂಟ್ ಎಂಬ ಶಬ್ದ ಗೊತ್ತಿರಲಿಲ್ಲ. ಬ್ಯಾಂಕಿನವರಿಗೆ ಗೊತ್ತಿತ್ತು, ಅದಕ್ಕೆ ಅವರು ಚಾರ್ಜ್ ಹಾಕುತ್ತಾರೆ!

ತಮಾಷೆ ಅಲ್ಲ. ‘ಕಮಿಟ್‌ಮೆಂಟ್ ಚಾರ್ಜ್’ ಎಂದು ನಿಜವಾಗಿಯೂ ಇದೆ. ನಮ್ಮ ಪಕ್ಕದ ಮನೆಯ ನಿವೃತ್ತ ಮ್ಯಾನೇಜರು ನನಗೆ ಬಿಡಿಸಿ ಹೇಳಿದರು. ಒಂದು ಗೇರುಬೀಜದ ಕಾರ್ಖಾನೆಗೆ ಬ್ಯಾಂಕು ಒಂದು ಕೋಟಿಯ ಮಿತಿ ಮಂಜೂರು ಮಾಡಿತು ಅಂತ ಇಟ್ಟುಕೊಳ್ಳಿ. ಅವರು ತೆಗೆದದ್ದು 60 ಲಕ್ಷ. ಅದಕ್ಕೆ ಬಡ್ಡಿ ಸರಿ. ತೆಗೆಯದೆ ಬಿಟ್ಟ 40 ಲಕ್ಷಕ್ಕೂ ಸಣ್ಣ ಒಂದು ಶುಲ್ಕ ಬೀಳಬಹುದು. ಯಾಕೆಂದರೆ ಅವರು ಕೇಳಿದ ಕ್ಷಣ ಕೊಡುತ್ತೇನೆ ಎಂದು ಬ್ಯಾಂಕು ಮಾತು ಕೊಟ್ಟಿದೆ, ಆ ದುಡ್ಡಿಗೆ ತಯಾರಾಗಿ ಕೂತಿದೆ. ಕೊಟ್ಟ ಮಾತಿಗೂ ಬೆಲೆ ಇದೆ, ಆ ಮಾತನ್ನು ಬಳಸಿದರೂ, ಬಳಸದೆ ಬಿಟ್ಟರೂ. ಇದನ್ನು ಕೇಳಿದ ದಿನ ನಾನು ನನ್ನ ಮನೆಯವರಿಗೆ ಹೇಳಿದೆ, ಊಟಕ್ಕೆ ಬರುತ್ತೇನೆ ಎಂದು ಹೇಳಿ ಬಾರದ ದಿನಗಳಿಗೆ ಇನ್ನು ಮುಂದೆ ಚಾರ್ಜ್ ಉಂಟು ಎಂದು.

ಬ್ಯಾಂಕಿನ ಇನ್ನೊಂದು ಶಬ್ದ ‘ಪ್ಲೆಜ್’. ಶಾಲೆಯಲ್ಲಿ ಕೈ ಮುಂದೆ ಚಾಚಿ ಹೇಳುವ ಪ್ರತಿಜ್ಞೆಗೂ ಅದೇ ಹೆಸರು, ಬಂಗಾರ ಅಡವಿಡುವುದಕ್ಕೂ ಅದೇ ಹೆಸರು. ಒಂದರಲ್ಲಿ ನಾವೇ ಅಡವು, ಇನ್ನೊಂದರಲ್ಲಿ ಬಳೆ. ಬಳೆಯನ್ನು ಬಿಡಿಸಿಕೊಳ್ಳಬಹುದು.

ಮೂವತ್ತರ ಹರೆಯದವರು ‘ಕಮಿಟ್‌ಮೆಂಟ್ ಜಾಸ್ತಿ’ ಎನ್ನುವಾಗ ನನಗೆ ಈ ಕೈಯಿಂದ ಕೈಗೆ ಹೋಗುವ ಅರ್ಥವೇ ಕಾಣುತ್ತದೆ. ಇನ್ನೂ ಕೈಗೆ ಬಾರದ ಸಂಬಳವನ್ನು ಇಪ್ಪತ್ತು ವರ್ಷಕ್ಕೆ ಮುಂಚಿತವಾಗಿ ಒಪ್ಪಿಸಿ ಬಂದಿದ್ದಾರೆ. ತಿಂಗಳ ಐದನೇ ತಾರೀಕಿಗೆ ಮೆಸೇಜ್ ಬರುತ್ತದೆ. ಆ ಶಬ್ದವನ್ನು ಅವರು ತಪ್ಪಾಗಿ ಬಳಸುತ್ತಿದ್ದಾರೆ ಎಂದು ಮೊದಲು ನನಗೆ ಸಿಟ್ಟು ಬರುತ್ತಿತ್ತು. ಈಗ ಇಲ್ಲ. ಅವರು ಮೂಲ ಅರ್ಥಕ್ಕೆ ನನಗಿಂತ ಹತ್ತಿರ ಇದ್ದಾರೆ.

ಸ್ವಲ್ಪ ವ್ಯಾಕರಣ. ಇಲ್ಲಿ ಪರೀಕ್ಷೆಗೆ, ಇಂಟರ್ವ್ಯೂಗೆ ತಯಾರಿ ಮಾಡುವ ಮಕ್ಕಳು ಕೂತಿದ್ದಾರೆ, ಅವರಿಗೂ ಏನಾದರೂ ಸಿಗಬೇಕಲ್ಲ. ಅರ್ಜಿಗಳಲ್ಲಿ ಹತ್ತಕ್ಕೆ ಎಂಟು ಜನ ‘ಐ ಆ್ಯಮ್ ಕಮಿಟೆಡ್ ಟು ಸರ್ವ್’ ಎಂದು ಬರೆಯುತ್ತಾರೆ. ‘ಕಮಿಟೆಡ್ ಟು ಸರ್ವಿಂಗ್’ ಎಂದು ಬರೆಯುವುದು ಒಳ್ಳೆಯದು. ಯಾಕೆ? ಆ ‘ಟು’ ನಮ್ಮ ‘-ಗೆ’ ವಿಭಕ್ತಿ. ‘ಸೇವೆಗೆ ಒಪ್ಪಿಸಿಕೊಂಡಿದ್ದೇನೆ’ ಎನ್ನುತ್ತೇವೆ. ‘-ಗೆ’ ಹತ್ತುವುದು ನಾಮಪದಕ್ಕೆ. ಹಾಗಾಗಿ ಇಂಗ್ಲಿಷಿನಲ್ಲೂ ಅಲ್ಲಿ ನಾಮಪದದ ಹಾಗೆ ಇರುವ ರೂಪ ಬೇಕು. ಅನುಮಾನ ಬಂದರೆ ಆ ಜಾಗದಲ್ಲಿ ‘ವರ್ಕ್’ ಅಥವಾ ‘ದಿಸ್’ ಇಟ್ಟು ನೋಡಿ. ಸರಿಯಾಗಿ ಕೂತರೆ ‘ಇಂಗ್’ ಹಾಕಿ. ‘ಲುಕಿಂಗ್ ಫಾರ್ವರ್ಡ್ ಟು’ ಆದ ಮೇಲೂ ಹೀಗೇ.

ಹಳಬರು ‘ಕಮಿಟ್ ಯುವರ್‌ಸೆಲ್ಫ್’ ಎಂದು ಬರೆಯುತ್ತಿದ್ದರು. ಒಪ್ಪಿಸುವುದು ಏನನ್ನು? ನಿನ್ನನ್ನೇ. ಈಗಿನವರು ಆ ‘ಸೆಲ್ಫ್’ ಬಿಟ್ಟು ಬರೀ ‘ಕಮಿಟ್ ಟು’ ಎನ್ನುತ್ತಾರೆ. ಅದೂ ಈಗ ಸರಿಯೇ. ಆದರೆ ಬಿಟ್ಟುಹೋದದ್ದು ಯಾವ ಶಬ್ದ ನೋಡಿ!

ಸ್ಪೆಲ್ಲಿಂಗ್ ಬೇಗ ಮುಗಿಸುತ್ತೇನೆ. ಎಲ್ಲದರಲ್ಲೂ ಶುರುವಿನ ‘ಒ’ ಆದ ಮೇಲೆ ‘ಎಂ’ ಎರಡು. ‘ಕಮಿಟ್’ ಮತ್ತು ‘ಕಮಿಟ್‌ಮೆಂಟ್’ನಲ್ಲಿ ‘ಟಿ’ ಒಂದು, ‘ಕಮಿಟೆಡ್’ನಲ್ಲಿ ಎರಡು. ‘ಕಮಿಟಿ’ಯಲ್ಲಿ ಎಲ್ಲ ಜೋಡಿ, ‘ಎಂ’ ಎರಡು, ‘ಟಿ’ ಎರಡು, ‘ಇ’ ಎರಡು. ಕಮಿಟಿಯಲ್ಲಿ ಬೇಕಾದದ್ದಕ್ಕಿಂತ ಜಾಸ್ತಿ ಜನ ಇರುತ್ತಾರೆ ಎಂದು ನೆನಪಿಟ್ಟುಕೊಳ್ಳಿ.

ಕೊನೆಗೆ ಪ್ರಶ್ನೆಗಳು ಬಂದವು. ಎಲ್ಲವನ್ನೂ ಬರೆಯುವುದಿಲ್ಲ. ‘ಕಮಿಟ್‌ಮೆಂಟ್‌ಗೆ ಬದ್ಧತೆ ಬೇಡ ಎಂದರೆ ಕನ್ನಡದಲ್ಲಿ ಎಂತ ಬರೆಯುವುದು?’ ಎಂದು ಒಬ್ಬರು ಕೇಳಿದರು. ಒಂದೇ ಶಬ್ದ ಹುಡುಕಬೇಡಿ ಎಂದೆ. ಮನುಷ್ಯನ ಬಗ್ಗೆ ಆದರೆ ‘ತನ್ನನ್ನು ಕೊಟ್ಟುಕೊಂಡವರು’ ಎನ್ನಬಹುದು. ಮಾತಾದರೆ ‘ಕೊಟ್ಟ ಮಾತು’. ಹಣವಾದರೆ ‘ಹೊಣೆ’. ಕೋರ್ಟಿನದ್ದಾದರೆ ‘ಒಪ್ಪಿಸುವುದು’. ಸರಕಾರದ್ದಾದರೆ ‘ಬದ್ಧ’ ಎಂದೇ ಇರಲಿ, ರೂಢಿ ತಪ್ಪಿಸುವುದು ಬೇಡ.

ಹಿಂದಿನ ಸಾಲಿನಲ್ಲಿ ಒಬ್ಬಳು ಹುಡುಗಿ ಕೈ ಎತ್ತಿದಳು. ಮಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸವಂತೆ. ‘ಮೇಡಂ, ನೀವು ಹೇಳಿದ್ದು ನಮ್ಮಲ್ಲಿ ಸರಿ ಆಗುವುದಿಲ್ಲ. ನಾವು ದಿನಕ್ಕೆ ಹತ್ತು ಸಲ ಕಮಿಟ್ ಮಾಡ್ತೇವೆ, ಬೇಡದಿದ್ರೆ ವಾಪಸ್ ತೆಗೀತೇವೆ’ ಎಂದಳು.

ನನಗೆ ಇದರಲ್ಲಿ ಅರ್ಧ ಗೊತ್ತಿತ್ತು. ದುಡ್ಡು ಕಳಿಸುವಾಗ ಕಂಪ್ಯೂಟರಿನೊಳಗೆ ನಡೆಯುವ ‘ಕಮಿಟ್’. ನನ್ನ ಖಾತೆಯಿಂದ ಕಳೆಯಬೇಕು, ನಿಮ್ಮ ಖಾತೆಗೆ ಸೇರಬೇಕು. ಮಧ್ಯದಲ್ಲಿ ಕರೆಂಟ್ ಹೋದರೆ? ಎರಡೂ ಕೆಲಸ ಸರಿಯಾಗಿ ತಯಾರಾಗಿದೆ ಎಂದು ಖಾತ್ರಿಯಾಗುವವರೆಗೆ ಯಾವುದೂ ಪಕ್ಕಾ ಅಲ್ಲ. ಅಲ್ಲಿಯವರೆಗೆ ‘ರೋಲ್‌ಬ್ಯಾಕ್’ ಮಾಡಿ, ಏನೂ ಆಗದ ಹಾಗೆ ಹಿಂದೆ ಹೋಗಬಹುದು. ಕಮಿಟ್ ಆದ ಮೇಲೆ ಇಲ್ಲ. ಅಳಿವೆಯ ಲೆಕ್ಕವೇ ಇದು, ಇಷ್ಟು ನಾನು ಹೇಳಿದೆ.

‘ಅದು ಡೇಟಾಬೇಸ್ ಮೇಡಂ. ನಾನು ಹೇಳಿದ್ದು ಗಿಟ್’ ಎಂದಳು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಮಾಡಿದ ವ್ಯವಸ್ಥೆ ಅದು, ಕೋಡ್ ಬರೆಯುವವರೆಲ್ಲ ಬಳಸುತ್ತಾರೆ. ಬರೆದದ್ದನ್ನು ಒಂದು ಹಂತಕ್ಕೆ ತಂದು ಚಿಕ್ಕ ಟಿಪ್ಪಣಿ ಬರೆದು ‘ಕಮಿಟ್’ ಮಾಡಬೇಕು. ತಪ್ಪಾಗಿದೆ ಎಂದು ಗೊತ್ತಾದರೆ ‘ರಿವರ್ಟ್’ ಮಾಡಬಹುದು.

‘ರಿವರ್ಟ್ ಮಾಡಿದರೆ ಮೊದಲಿನದ್ದು ಅಳಿಸಿ ಹೋಗುತ್ತದಾ?’ ಎಂದು ಕೇಳಿದೆ.

ಅವಳು ಸ್ವಲ್ಪ ಯೋಚಿಸಿದಳು. ‘ಇಲ್ಲ. ಅದು ಹಿಸ್ಟರಿಯಲ್ಲಿ ಹಾಗೇ ಇರ್ತದೆ. ಅದನ್ನು ಉಲ್ಟಾ ಮಾಡುವ ಇನ್ನೊಂದು ಕಮಿಟ್ ಅದರ ಮೇಲೆ ಬಂದು ಕೂರ್ತದೆ. ಹಿಸ್ಟರಿಯನ್ನೇ ತಿದ್ದುವ ದಾರಿಯೂ ಉಂಟು. ಆದರೆ ನಾಲ್ಕು ಜನ ಒಟ್ಟಿಗೆ ಕೆಲಸ ಮಾಡುವಲ್ಲಿ ಹಾಗೆ ಮಾಡಿದ್ರೆ ಬೈಸಿಕೊಳ್ತೇವೆ.’

ಆಗ ಎದುರು ಸಾಲಿನಿಂದ ನಮ್ಮ ಪಕ್ಕದ ಮನೆಯ ಮ್ಯಾನೇಜರು ಎದ್ದು ನಿಂತರು. ‘ಇದು ನಮ್ಮ ಲೆಡ್ಜರಲ್ಲವಾ!’ ಎಂದರು. ಅವರು ಕೆಲಸಕ್ಕೆ ಸೇರಿದ್ದು ಕೈಯಲ್ಲಿ ಲೆಕ್ಕ ಬರೆಯುವ ಕಾಲದಲ್ಲಿ. ಲೆಡ್ಜರಿನಲ್ಲಿ ತಪ್ಪು ಎಂಟ್ರಿ ಬಿದ್ದರೆ ಅಳಿಸುವ ಹಾಗಿಲ್ಲ. ಬ್ಲೇಡಿನಲ್ಲಿ ಕೆರೆದರೆ ದೊಡ್ಡ ಗಲಾಟೆ. ತಪ್ಪು ಹಾಗೇ ಇರಬೇಕು. ಅದಕ್ಕೆ ಎದುರಾಗಿ ರಿವರ್ಸ್ ಎಂಟ್ರಿ ಹಾಕಿ, ಮೇಲಿನವರ ಸಹಿ ತೆಗೆದುಕೊಳ್ಳಬೇಕು. ಸೇರಿದ ಮೊದಲ ವಾರ ಅವರು ಒಬ್ಬರ ಖಾತೆಗೆ ಹೋಗಬೇಕಾದ ಎಪ್ಪತ್ತು ರೂಪಾಯಿಯನ್ನು ಇನ್ನೊಬ್ಬರ ಖಾತೆಗೆ ಬರೆದಿದ್ದರಂತೆ.

‘ಇಪ್ಪತ್ತು ವರ್ಷ ಕಳೆದು ಅದೇ ಬ್ರಾಂಚಿಗೆ ಮ್ಯಾನೇಜರಾಗಿ ಬಂದೆ’ ಎಂದರು. ‘ಒಂದು ದಿನ ಹಳೇ ರೆಕಾರ್ಡ್ ರೂಮಿಗೆ ಹೋಗಿ ಆ ಲೆಡ್ಜರ್ ತೆಗೆದು ನೋಡಿದೆ. ತಪ್ಪೂ ಉಂಟು, ಅದರ ಕೆಳಗೆ ಸರಿ ಮಾಡಿದ್ದೂ ಉಂಟು. ಎರಡೂ ನನ್ನದೇ ಅಕ್ಷರ.’

ಹುಡುಗಿ ಹಿಂದಿನ ಸಾಲಿನಿಂದ ಎದ್ದು ಬಂದು ಅವರ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತಳು. ಆಮೇಲೆ ಅವರಿಬ್ಬರೇ ಮಾತಾಡಿದರು. ನನ್ನ ಕೆಲಸ ಮುಗಿದಿತ್ತು.